ಜ್ವರದ ಕಾರ್ಡಿನ ಹುಡುಗಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಬೈಯುತ್ತಿದ್ದಳು. ಬೈದದ್ದು ಸುಳ್ಳಲ್ಲ. ಆ ಸಿಟ್ಟಿನಲ್ಲಿ ಆಡಿದ ಮಾತು, ಮುರಿದುಕೊಂಡ ಸ್ನೇಹ ಎಲ್ಲ ಈಗ ಮರೆತುಹೋಗಿವೆ. ಒಂದು ಮಾತ್ರ ಮರೆಯುವುದಿಲ್ಲ. ನನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಂದು ಶನಿವಾರ, ಬೆಳ್ತಂಗಡಿ ಪೇಟೆಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರರ ಮೇಜಿನ ಮುಂದೆ ನಿಂತು, ಎಂಟು ವರ್ಷದ ಹುಡುಗಿಯೊಬ್ಬಳು ಜ್ವರದಿಂದ ಸತ್ತಳೆಂದು ಬರೆಸಿದೆ. ಅಂಥ ಹುಡುಗಿ ಇರಲೇ ಇಲ್ಲ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲ ಅದು. ನನ್ನ ಮನೆ ಬಂಟ್ವಾಳ. ಟ್ರೈನಿಂಗ್ ಮುಗಿಸಿ, ಮಡಂತ್ಯಾರಿಗೂ ವೇಣೂರಿಗೂ ನಡುವಿನ ಒಂದು ಹಳ್ಳಿಯ ಬೋರ್ಡು ಶಾಲೆಗೆ ಸೇರಿ ವರ್ಷವೂ ಆಗಿರಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾಲ್ಕು ಕ್ಲಾಸು, ನಲವತ್ತಮೂರು ಮಕ್ಕಳು, ನಾನೊಬ್ಬಳೇ ಟೀಚರು. ಹೊಸ ಜ್ವರವೊಂದು ಹಡಗಿನಲ್ಲಿ ಬಂದು ದೇಶವಿಡೀ ಹಬ್ಬುತ್ತಿದೆ ಎಂದು ಪೇಪರಿನಲ್ಲಿ ಓದಿದ್ದೆವು. ಹಡಗಿಗೂ ನಮಗೂ ಏನು ಸಂಬಂಧ ಎಂದುಕೊಂಡಿದ್ದೆವು. ಜೂನ್ ಕಳೆಯುವುದರೊಳಗೆ ನನ್ನ ಶಾಲೆಯಲ್ಲಿ ಒಂದು ದಿನ ಹನ್ನೊಂದೇ ಮಕ್ಕಳು ಕುಳಿತಿದ್ದರು, ಅವರಲ್ಲಿ ನಾಲ್ವರು ಕೆಮ್ಮುತ್ತಿದ್ದರು.

ಆಗ ಜ್ವರದ ಕಾರ್ಡು ಬಂತು. ಮದರಾಸಿನ ಹಳೆಯ ಕಾರ್ಡುಗಳು, ರಾಜ್ಯದ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದರು. ಈ ವಾರ ಎಷ್ಟು ಜನಕ್ಕೆ ಜ್ವರ, ಎಷ್ಟು ಮಕ್ಕಳಿಗೆ, ಎಷ್ಟು ದೊಡ್ಡವರಿಗೆ, ಸಾವು ಎಷ್ಟು. ಪ್ರತಿ ಶನಿವಾರ ತುಂಬಿಸಿ ಬೆಳ್ತಂಗಡಿಗೆ ಕಳುಹಿಸಬೇಕು. ಇನ್‌ಸ್ಪೆಕ್ಟರರು ಶಾಲೆಗೆ ಬಂದು ವಿವರಿಸಿದ್ದರು: ನಿಮ್ಮ ಕಾರ್ಡು ಇಲ್ಲಿಂದ ಮಂಗಳೂರಿಗೆ, ಮಂಗಳೂರಿನಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ಹೋಗುತ್ತದೆ, ಜ್ವರ ಯಾವ ದಾರಿ ಹಿಡಿದಿದೆ ಎಂದು ದೆಹಲಿಯವರಿಗೆ ತಿಳಿಯುವುದು ಅದರಿಂದಲೇ. ಸೊನ್ನೆಯಾದರೂ ಸರಿ, ಕಾರ್ಡು ತಪ್ಪಬಾರದು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ದಿನ ಸಂಜೆಯೇ ಕೊಡೆ ಹಿಡಿದು ಮನೆಮನೆಗೆ ಹೊರಟುಬಿಟ್ಟೆ.

ಮೂರು ಶನಿವಾರ ಸತ್ಯವನ್ನೇ ಬರೆದೆ. ಗದ್ದೆ ಬದು ಜಾರುತ್ತಿತ್ತು, ಉಂಬಳಗಳು ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದವು. ಒಂದೊಂದು ಮನೆಯಲ್ಲಿ ಚಾಪೆಯ ಮೇಲೆ ನಾಲ್ಕು ನಾಲ್ಕು ಜನ. ಭತ್ತದ ನೇಜಿ ನೆಡುವ ಸಮಯ, ನೆಡಲು ಜನವಿಲ್ಲ. ಗಂಜಿ ಬೇಯಿಸುವವರೂ ಮಲಗಿದ ಮನೆಗಳಲ್ಲಿ ನಾನೇ ಒಲೆ ಹಚ್ಚಿ ಬಂದದ್ದುಂಟು. ಎಲ್ಲವನ್ನೂ ಎಣಿಸಿ ಕಾರ್ಡಿಗೆ ಹಾಕಿದೆ. ಯಾರೂ ಬರಲಿಲ್ಲ. ಒಂದು ಗುಳಿಗೆಯೂ ಬರಲಿಲ್ಲ. ದೆಹಲಿಯ ಮಾತು ಹಾಗಿರಲಿ, ಬೆಳ್ತಂಗಡಿಯಲ್ಲಾದರೂ ಯಾರಾದರೂ ಅದನ್ನು ಓದುತ್ತಾರೋ ಇಲ್ಲವೋ ಎಂದು ತಲೆ ಕೆಟ್ಟುಹೋಯಿತು.

ನಾಲ್ಕನೆಯ ಶನಿವಾರ ಕಾರ್ಡನ್ನು ಟಪಾಲಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿದೆ. ಇನ್‌ಸ್ಪೆಕ್ಟರರಿಗೂ ಜ್ವರ ಬಂದು ಬಿಟ್ಟಿತ್ತು, ಕಣ್ಣು ಕೆಂಪಗಿತ್ತು, ಕುತ್ತಿಗೆಗೆ ಮಫ್ಲರ್ ಸುತ್ತಿದ್ದರು. ಮೇಜಿನ ಮೇಲೆ ನನ್ನದರಂಥ ಕಾರ್ಡುಗಳ ಕಟ್ಟು ಕಟ್ಟು. ನಾನು ಕಾರ್ಡನ್ನು ಅವರ ಕೈಗೆ ಕೊಟ್ಟು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಕೆಟ್ಟ ಮನುಷ್ಯರಲ್ಲ ಅವರು, ಈಗ ನನಗೆ ಗೊತ್ತು. ಇರುವುದು ಒಬ್ಬ ಡಾಕ್ಟರು, ಒಂದು ಜೀಪು, ಊರುಗಳು ಇಷ್ಟು ಎಂದು ಕಾರ್ಡುಗಳ ಕಟ್ಟನ್ನು ತೋರಿಸಿದರು. ಆಮೇಲೆ ಹೇಳಿದರು:

"ಸಾವಿನ ಕಾಲಮ್ಮಿನಲ್ಲಿ ಏನಾದ್ರೂ ಇದ್ದಲ್ಲಿಗೆ ಮೊದಲು ಜೀಪು ಹೋಗ್ತದೆ ಟೀಚರ್. ನಿಮ್ಮಲ್ಲಿ ದೇವರ ದಯೆ, ಸೊನ್ನೆ ಉಂಟಲ್ಲ."

ದೇವರ ದಯೆ ಎಂಬ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಕಾರ್ಡನ್ನು ಅವರ ಕೈಯಿಂದ ಕಿತ್ತುಕೊಂಡು, ಸೊನ್ನೆಯನ್ನು ಹೊಡೆದು ಒಂದು ಎಂದು ಬರೆದೆ. ನಿನ್ನೆ ಸಂಜೆ ಆದದ್ದು, ಬರೆಯಲು ಮರೆತಿದ್ದೆ ಎಂದೆ. ಅವರು ಪೆನ್ನು ತೆಗೆದರು. ಗಂಡೋ ಹೆಣ್ಣೋ ಎಂದು ಕೇಳಿದರು. ಹೆಣ್ಣು ಎಂದೆ. ಪ್ರಾಯ? ಎಂಟು. ಯಾವ ಮನೆ? ಅಲ್ಲಿ ಒಂದು ಗಳಿಗೆ ತಡವರಿಸಿದೆ. ಊರಿನ ಯಾವ ಮನೆಯ ಮೇಲೂ ಸಾವು ಹೊರಿಸಲು ನಾಲಗೆ ಏಳಲಿಲ್ಲ. ಗುಡ್ಡದಾಚೆ ಮುರಕಲ್ಲು ಕಡಿದು ತೆಗೆಯುವ ಕೋರೆಯೊಂದಿತ್ತು. ಬೇಸಗೆಯಲ್ಲಿ ಎಲ್ಲೆಲ್ಲಿಂದಲೋ ಬಂದ ಕೆಲಸದವರು ಅಲ್ಲಿ ಗುಡಿಸಲು ಹಾಕಿಕೊಂಡಿದ್ದು ಮಳೆ ಹಿಡಿಯುವಾಗ ಹೊರಟುಹೋಗುತ್ತಿದ್ದರು. ಕೋರೆಯ ಹತ್ತಿರದ ಗುಡಿಸಲು ಎಂದೆ. ಅವರು ಬರೆದುಕೊಂಡರು, ಪಾಪ ಎಂದರು.

ಮಂಗಳವಾರ ಜೀಪು ಬಂತು. ತೋಡು ತುಂಬಿ ಹರಿಯುತ್ತಿದ್ದರಿಂದ ಜೀಪನ್ನು ರಸ್ತೆಯಲ್ಲೇ ಬಿಟ್ಟು ಡಾಕ್ಟರೂ ಕಾಂಪೌಂಡರೂ ನಡೆದುಕೊಂಡು ಶಾಲೆಗೆ ಬಂದರು, ಪೆಟ್ಟಿಗೆ ತುಂಬ ಮದ್ದು. ನನಗೆ ಕುಣಿಯಬೇಕೆನಿಸಿತು. ಗೆದ್ದೆ ಎಂದುಕೊಂಡೆ. ಶಾಲೆಯ ಕೆಳಗಿನ ಗದ್ದೆಯ ಬದಿಯಲ್ಲಿ ಒಂದು ಒಕ್ಕಲು ಮನೆ. ಆ ಮನೆಯ ಹುಡುಗ ನನ್ನ ನಾಲ್ಕನೆಯ ಕ್ಲಾಸಿನವನು, ಹತ್ತು ವರ್ಷ, ಬಾಯಿಲೆಕ್ಕದಲ್ಲಿ ನನ್ನನ್ನೇ ಸೋಲಿಸುವವನು. ಅವನಿಗೂ ಅವನ ತಂಗಿಗೂ ಜ್ವರ. ಆ ದಿನ ಬೆಳಗ್ಗೆ ಹೋಗಿ ನೋಡಿದಾಗ ಹುಡುಗನ ಉಸಿರು ಏರುತ್ತಿತ್ತು, ಪ್ರತಿ ಉಸಿರಿಗೂ ಪಕ್ಕೆ ಒಳಗೆ ಹೋಗುತ್ತಿತ್ತು. ಮೊದಲು ಆ ಮನೆಗೆ ಹೋಗುವ ಎಂದೆ ಡಾಕ್ಟರಿಗೆ.

"ಮೊದಲು ಸಾವಾದ ಮನೆ. ಜ್ವರ ಎಲ್ಲಿಂದ ಶುರುವಾಯ್ತು ಅಂತ ನೋಡ್ಬೇಕು, ಅದೇ ನಮ್ಮ ಕೆಲಸ. ದಾರಿ ತೋರಿಸಿ," ಎಂದರು ಅವರು.

ಆ ಕ್ಷಣದಲ್ಲಿ ನಾನು ಬಾಯಿ ಬಿಡಬೇಕಿತ್ತು. ಅಂಥ ಮನೆ ಇಲ್ಲ, ಸುಳ್ಳು ಬರೆಸಿದ್ದೇನೆ ಎಂದು ಎರಡು ಮಾತು. ಕೆಲಸ ಹೋಗುತ್ತದೆ, ಬಂಟ್ವಾಳಕ್ಕೆ ಮುಖ ತೋರಿಸುವುದು ಹೇಗೆ ಎಂದು ಹೆದರಿದೆ. ಬೇಗ ಹೋಗಿ ಬೇಗ ಬರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಸಿಟ್ಟು ಬಂದಾಗ ಇದ್ದ ಧೈರ್ಯ ಸಿಟ್ಟು ಇಳಿದ ಮೇಲೆ ಇರಲಿಲ್ಲ. ಕೊಡೆ ಬಿಡಿಸಿಕೊಂಡು ಮುಂದೆ ನಡೆದೆ.

ಗುಡ್ಡ ಹತ್ತಿ ಇಳಿಯಲು ಆ ಮಳೆಯಲ್ಲಿ ಎರಡು ಗಂಟೆ ಹಿಡಿಯಿತು. ಕೋರೆಯ ಹೊಂಡದಲ್ಲಿ ಕೆಂಪು ನೀರು ನಿಂತಿತ್ತು. ಮೂರು ಗುಡಿಸಲುಗಳೂ ಖಾಲಿ. ನಾನು ನಿರೀಕ್ಷಿಸಿದ್ದು ಅದೇ. ನಿರೀಕ್ಷಿಸದೆ ಇದ್ದದ್ದು ಬೇರೆ. ಕಾಂಪೌಂಡರು ಒಂದು ಗುಡಿಸಲೊಳಗಿಂದ ಕೆಂಪು ಗಾಜಿನ ಸಣ್ಣ ಬಳೆಯ ಎರಡು ಚೂರು ತಂದು ತೋರಿಸಿದರು. ಗುಡಿಸಲಿನ ಹಿಂದೆ ಮಣ್ಣಿನ ಗುಪ್ಪೆಯೊಂದಿತ್ತು, ಕೋರೆಯವರು ರಾಶಿ ಹಾಕಿದ್ದಿರಬೇಕು. ಡಾಕ್ಟರು ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತು, ಟೋಪಿ ತೆಗೆದರು. ಮಗುವನ್ನು ಇಲ್ಲೇ ಹೂತು ಹೆದರಿ ಓಡಿಹೋಗಿದ್ದಾರೆ ಎಂದು ಪುಸ್ತಕದಲ್ಲಿ ಬರೆದುಕೊಂಡರು. ನಾನು ಹೇಳಿದ್ದು ನಿಜವಾಗಿರಬಹುದೇ ಎಂದು ನನಗೇ ಅನಿಸಿತು.

ಮರಳಿ ಬಂದು ಗದ್ದೆಯ ಮನೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಅಂಗಳದಲ್ಲಿ ಜನ ನಿಂತಿದ್ದರು. ಹುಡುಗ ಹೋಗಿ ಅರ್ಧ ಗಂಟೆಯಾಗಿತ್ತು. ಅವನ ತಾಯಿ ಅಳುತ್ತಿರಲಿಲ್ಲ, ಮಗನ ಪಾದ ಉಜ್ಜುತ್ತಲೇ ಇದ್ದಳು. ಡಾಕ್ಟರು ತಂಗಿಗೆ ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟರು, ಮರುದಿನವೂ ಬಂದು ಕೊಟ್ಟರು. ಊರಿನಲ್ಲಿ ಎದೆ ಕಟ್ಟಿದವರಿಗೆಲ್ಲ ಕೊಟ್ಟರು. ಆಮೇಲೆ ನಮ್ಮ ಊರಿನಲ್ಲಿ ಆ ಜ್ವರಕ್ಕೆ ಯಾರೂ ಸಾಯಲಿಲ್ಲ. ಮುಂದಿನ ಶನಿವಾರದ ಕಾರ್ಡಿನಲ್ಲಿ ಹುಡುಗನ ಸಾವನ್ನು ಬರೆದು ಕಳುಹಿಸಿದೆ. ದೆಹಲಿಯ ಲೆಕ್ಕದಲ್ಲಿ ನಮ್ಮ ಊರಿಗೆ ಎರಡು ಸಾವು.

ಆ ಹುಡುಗನ ಉಸಿರು ಏರುತ್ತಿದ್ದಾಗ ಡಾಕ್ಟರನ್ನು ಗುಡ್ಡ ಹತ್ತಿಸಿದವಳು ನಾನು. ಇದನ್ನು ಯಾರಿಗೂ ಹೇಳಲಿಲ್ಲ. ಇಂಜೆಕ್ಷನ್ ಕೊಟ್ಟಿದ್ದರೂ ಉಳಿಯುತ್ತಿದ್ದನೋ ಇಲ್ಲವೋ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಅಷ್ಟು ತಡವಾಗಿ ಇಂಜೆಕ್ಷನ್ ತಾಗಿದ ತಂಗಿ ಉಳಿದಳಲ್ಲ, ಅಲ್ಲಿಗೆ ಸಮಾಧಾನ ಮುಗಿಯುತ್ತಿತ್ತು.

ಹೇಳದೆ ಇದ್ದರೆ ಹುಡುಗಿ ಮರೆತುಹೋಗುತ್ತಾಳೆ ಎಂದುಕೊಂಡಿದ್ದೆ. ಊರವರು ಮರೆಯಲು ಬಿಡಲಿಲ್ಲ. ಡಾಕ್ಟರೇ ಗುಪ್ಪೆ ನೋಡಿ ಬಂದ ಮೇಲೆ ಸಂಶಯ ಯಾರಿಗೆ? ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ನಮ್ಮ ಕಡೆ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ಆ ವರ್ಷವೇ ಯಾರೋ ಮುದುಕಿಯೊಬ್ಬಳು, ದಿಕ್ಕಿಲ್ಲದ ಮಗು ಎಂದು ಕೋರೆಯ ದಾರಿಯಲ್ಲಿ ಒಂದು ಎಲೆ ಇಟ್ಟು ಬಂದಳಂತೆ. ಮರುವರ್ಷ ನಾಲ್ಕು ಎಲೆ ಬಿದ್ದವು. ಸೌದೆಗೆ ಹೋದ ಹೆಂಗಸರು ಕೋರೆಯ ನೀರಿನ ಬದಿಯಲ್ಲಿ ಅವಳನ್ನು ಕಂಡರು. ಹೆಂಗಸರ ಮಾತು ಮಕ್ಕಳ ಬಾಯಿಗೆ ಬಂತು. ಕ್ಲಾಸಿನಲ್ಲಿ ಕುಲೆ, ಗಿಲೆ ಎಂದು ಪ್ರೇತದ ಮಾತೆತ್ತಿದರೆ ಬೆತ್ತ ತೆಗೆಯುತ್ತೇನೆ ಎಂದು ಗದರಿದೆ. ನನ್ನ ಬೆತ್ತಕ್ಕೆ ಹೆದರಿದವರು ಯಾರು? ಮೂರನೆಯ ವರ್ಷ ಒಂದು ಸಣ್ಣ ಹುಡುಗಿ ಬಂದು ಗುಟ್ಟಾಗಿ, ಕೋರೆಯವಳು ಈಗ ಉದ್ದ ಆಗಿದ್ದಾಳೆ ಟೀಚರ್, ಲಂಗ ಮೊಣಕಾಲಿಗೆ ಬಂದಿದೆ ಎಂದಳು.

ಸತ್ತ ಮಕ್ಕಳೂ ಬೆಳೆಯುತ್ತಾರೆ ಎಂಬುದು ನಮ್ಮವರ ನಂಬಿಕೆ. ನಾನು ಓದಿದವಳು, ನಂಬುತ್ತಿರಲಿಲ್ಲ. ಆದರೆ ಅವಳ ಪ್ರಾಯವನ್ನು ಎಣಿಸುತ್ತಿದ್ದೆ. ಜ್ವರದ ಕಾರ್ಡು ಪ್ರತಿ ಮಳೆಗಾಲದಲ್ಲಿ ಬರುತ್ತಿತ್ತು, ಜ್ವರ ಇರಲಿ ಬಿಡಲಿ. ಸಾವಿನ ಕಾಲಮ್ಮಿಗೆ ಸೊನ್ನೆ ಹಾಕುವಾಗ ನನ್ನ ಕೈ ನಿಲ್ಲುತ್ತಿತ್ತು. ಈ ವರ್ಷ ಅವಳಿಗೆ ಹತ್ತು, ನಾಲ್ಕನೆಯ ಕ್ಲಾಸು ಮುಗಿಸಿ ವೇಣೂರಿಗೆ ಹೋಗಬೇಕಿತ್ತು. ಈ ವರ್ಷ ಹದಿಮೂರು, ದೊಡ್ಡವಳಾಗಿರುತ್ತಾಳೆ. ಹೆದರಿಕೆ ಎಂದು ಹೇಳಲಾರೆ. ಒಬ್ಬಳನ್ನು ಎಲ್ಲೋ ಮಳೆಯಲ್ಲಿ ಬಿಟ್ಟು ಬಂದಿದ್ದೇನೆ ಎಂಬ ತಳಮಳ ಅದು, ಊಟಕ್ಕೆ ಕುಳಿತಾಗಲೂ ಬಿಡುತ್ತಿರಲಿಲ್ಲ. ನನಗೆ ಮದುವೆಯಾಗಲಿಲ್ಲ. ಯಾಕೆ ಎಂಬುದು ಇಲ್ಲಿ ಬೇಡದ ಮಾತು. ಆರನೆಯ ವರ್ಷ ಬೇಡಿಕೊಂಡು ಮೂಡಬಿದಿರೆಯ ಕಡೆ ವರ್ಗ ಮಾಡಿಸಿಕೊಂಡೆ. ಕಾರ್ಡು ಅಲ್ಲಿಗೂ ಬಂತು.

ಅದಾಗಿ ಐದು ವರ್ಷಕ್ಕೆ, ಆಟಿ ಹಿಡಿಯುವ ಮೊದಲು, ಒಂದು ಭಾನುವಾರ ಬೆಳಗ್ಗೆ ನನ್ನ ಬಾಡಿಗೆ ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಪಾದ ನೋಡಿದ ಕೂಡಲೇ ಗುರುತು ಸಿಕ್ಕಿತು, ಯಾಕೋ ಗೊತ್ತಿಲ್ಲ. ಆ ಹುಡುಗನ ತಾಯಿ. ಎರಡು ಬಸ್ಸು ಬದಲಾಯಿಸಿ ನನ್ನನ್ನು ಕೇಳಿಕೊಂಡು ಬಂದಿದ್ದಳು. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆಯಿತು.

ಅವಳು ಬಂದ ವಿಷಯ ಇಷ್ಟು. ಜ್ವರದಲ್ಲಿ ಉಳಿದ ಮಗಳಿಗೆ ಈಗ ಹದಿನೆಂಟು. ಮೂರು ಸಂಬಂಧ ಬಂದು ಮೂರೂ ಕೊನೆಯ ಗಳಿಗೆಯಲ್ಲಿ ತಪ್ಪಿಹೋದವು. ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದಾಗ, ತೀರಿಹೋದ ಮಗ ಮದುವೆಯ ಪ್ರಾಯಕ್ಕೆ ಬಂದಿದ್ದಾನೆ, ಅವನದನ್ನು ಮಾಡದೆ ತಂಗಿಯದು ಆಗುವುದಿಲ್ಲ ಎಂದು ಬಂತು. ಮದುವೆಯಾಗದೆ ಸತ್ತವರಿಗೆ ಸತ್ತವರಲ್ಲೇ ಸಂಬಂಧ ನೋಡಿ ಮದುವೆ ಮಾಡಿಸುವುದು ನಮ್ಮಲ್ಲಿ ಇದ್ದದ್ದೇ. ಜಾತಿ ಒಂದಾಗಬೇಕು, ಬರಿ ಬೇರೆಯಾಗಬೇಕು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಬಳಿ, ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ. ಬಂಟ್ವಾಳದ ಕಡೆ ಹುಡುಕಿದರು, ವಿಟ್ಲದ ಕಡೆ ಹುಡುಕಿದರು, ಪ್ರಾಯಕ್ಕೆ ಹೊಂದುವ ಹುಡುಗಿ ಸಿಗಲಿಲ್ಲ. ಪ್ರಶ್ನೆಯಲ್ಲಿ ಇನ್ನೊಂದು ಮಾತೂ ಬಂದಿತ್ತಂತೆ: ದೂರ ಹುಡುಕಬೇಡಿ, ಅವನ ಹತ್ತಿರವೇ ಒಬ್ಬಳಿದ್ದಾಳೆ, ನೀರಿನ ಬದಿಯವಳು.

"ಕೋರೆಯ ಹುಡುಗಿ ಅಂತ ನನಗೆ ಅಲ್ಲೇ ಹೊಳೆಯಿತು ಟೀಚರೇ. ಒಂದೇ ವಾರ, ಒಂದೇ ಜ್ವರ. ಅವಳ ತಾಯಿ ಯಾರು, ಬರಿ ಯಾವುದು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ಬರೆದುಕೊಂಡವರು ನೀವು," ಎಂದಳು.

ಗೊತ್ತಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಅವಳು ಎದ್ದು ಹೋಗುತ್ತಿದ್ದಳು, ಅವಳ ಮಗಳ ಮದುವೆ ನಿಂತೇ ಇರುತ್ತಿತ್ತು, ನಾನು ಇನ್ನು ಇಪ್ಪತ್ತು ವರ್ಷ ಪ್ರಾಯ ಎಣಿಸುತ್ತಿದ್ದೆ. ಸಾಕಾಯಿತು ನನಗೆ. ಅವಳ ಎದುರು ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಸೊನ್ನೆ ಹೊಡೆದು ಒಂದು ಬರೆದದ್ದು, ಡಾಕ್ಟರು ಮೊದಲು ಸಾವಿನ ಮನೆ ಎಂದದ್ದು, ನಾನು ಬಾಯಿ ಮುಚ್ಚಿಕೊಂಡು ದಾರಿ ತೋರಿಸಿದ್ದು, ವರ್ಷ ವರ್ಷವೂ ಅವಳ ಪ್ರಾಯ ಎಣಿಸಿದ್ದು. ನಿಮ್ಮ ಮಗನ ಹತ್ತಿರ ಬರಬೇಕಾದ ಹೊತ್ತಿನಲ್ಲಿ ನಾವು ಇಲ್ಲದ ಹುಡುಗಿಯನ್ನು ಹುಡುಕುತ್ತಿದ್ದೆವು ಎಂದೆ. ನನ್ನ ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು.

ಅವಳು ಎದ್ದಳು. ಅಂಗಳಕ್ಕೆ ಇಳಿದು ಬೆನ್ನು ಹಾಕಿ ನಿಂತಳು. ಮಳೆ ಹನಿಯುತ್ತಿತ್ತು, ಸೆರಗನ್ನೂ ತಲೆಗೆ ಎಳೆದುಕೊಳ್ಳಲಿಲ್ಲ. ಹೊರಟೇ ಹೋಗುತ್ತಾಳೆ ಎಂದುಕೊಂಡಾಗ ತಿರುಗಿದಳು.

"ನಿಮ್ಮ ಬರಿ ಯಾವುದು?" ಎಂದು ಕೇಳಿದಳು.

ಹೇಳಿದೆ. ನಾವಿಬ್ಬರೂ ಒಂದೇ ಜಾತಿಯವರು ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು.

"ನಮ್ಮದು ಬೇರೆ. ಆಗ್ತದೆ," ಎಂದಳು. ನನಗೆ ಅರ್ಥವಾಗಲಿಲ್ಲ. ಆ ಹುಡುಗಿ ಇಲ್ಲವಲ್ಲ, ಇರಲೇ ಇಲ್ಲವಲ್ಲ ಎಂದು ಮತ್ತೊಮ್ಮೆ ಹೇಳಿದೆ.

"ಹನ್ನೊಂದು ವರ್ಷದಿಂದ ಊರಿಡೀ ಅವಳಿಗೆ ಅನ್ನ ಹಾಕಿದೆ. ಅವಳ ಹೆಸರಿನಲ್ಲಿ ಬಂದ ಮದ್ದಿನಿಂದ ನನ್ನ ಮಗಳು ಬದುಕಿದ್ದಾಳೆ. ಇಲ್ಲ ಅಂತ ಹೇಗೆ ಹೇಳ್ತೀರಿ? ಅವಳಿಗೆ ತಾಯಿ ಒಬ್ಬಳಿರಲಿಲ್ಲ, ಅಷ್ಟೆ. ಆ ಜಾಗದಲ್ಲಿ ನೀವು ಬಂದು ನಿಲ್ಲಿ. ಕ್ಷಮಿಸಿದೆ ಅಂತ ಅಲ್ಲ."

ಆಟಿಯ ಎರಡನೆಯ ವಾರ ಮದುವೆ. ಹುಡುಗಿಯ ಕಡೆಯಿಂದ ಸೀರೆ, ರವಕೆ, ಬಳೆ, ಕನ್ನಡಿ ಒಯ್ಯಬೇಕು. ಬಂಟ್ವಾಳದ ಮನೆಗೆ ತಿಳಿಸಲಿಲ್ಲ. ತಿಳಿಸಿದ್ದರೆ ಮದುವೆಯಾಗದವಳು ಮಗಳ ಧಾರೆಗೆ ಹೊರಟಿದ್ದಾಳೆ ಎಂದು ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಮೂಡಬಿದಿರೆ ಪೇಟೆಯ ಜವಳಿ ಅಂಗಡಿಯಲ್ಲಿ ಒಂದು ಗಂಟೆ ಕುಳಿತು ಸೀರೆ ತೆಗೆಸಿ ತೆಗೆಸಿ ಹಾಕಿದೆ. ಅಂಗಡಿಯವನಿಗೆ ಬೇಸರ ಬಂತು. ಯಾವ ಬಣ್ಣದ ಹುಡುಗಿ ಹೇಳಿ, ನಾನೇ ಆರಿಸಿ ಕೊಡ್ತೇನೆ ಎಂದ. ಸ್ವಲ್ಪ ಕಪ್ಪು, ಎತ್ತರ, ಸಪೂರ ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಹಸಿರು ಸೀರೆ ತೆಗೆದುಕೊಂಡೆ.

ಗದ್ದೆಯ ಮನೆಯ ಚಾವಡಿಯಲ್ಲಿ ಬೆಳಗ್ಗೆ ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಪಂಚೆ, ಅಂಗಿ. ಇನ್ನೊಂದರ ಮೇಲೆ ನಾನು ತಂದ ಸೀರೆಯನ್ನು ಮಡಚಿ ಇಟ್ಟು, ಬಳೆ ಇಟ್ಟು, ಮಲ್ಲಿಗೆ ಮುಡಿಸಿದರು. ನಮ್ಮ ಕಡೆಯಿಂದ ನಾನೊಬ್ಬಳೇ. ಹುಡುಗಿಯ ತಾಯಿ ಟೀಚರೇ ಅಂತೆ ಎಂದು ಊರವರು ಮುಖ ಮುಖ ನೋಡಿಕೊಂಡರು. ಯಾರು ಏನು ತಿಳಿದುಕೊಂಡರೋ, ಕೇಳಲು ಯಾರಿಗೂ ಧೈರ್ಯ ಬರಲಿಲ್ಲ. ಹುಡುಗನ ತಾಯಿ ಯಾರಿಗೂ ಏನೂ ಬಿಡಿಸಿ ಹೇಳಲಿಲ್ಲ. ಮದುವೆ ನಡೆಸುವ ಹಿರಿಯರು, ಮನೆಯ ಗುರಿಕಾರರು, ಧಾರೆಯ ಗಿಂಡಿ ಹಿಡಿದು ಹುಡುಗನ ಬರಿ, ಹೆಸರು ಹೇಳಿದರು. ನನ್ನ ಕಡೆ ತಿರುಗಿ ಹುಡುಗಿಯದು ಕೇಳಿದರು. ಬರಿ ಹೇಳಿದೆ. ಹೆಸರನ್ನು ನಾನು ಯೋಚಿಸಿಯೇ ಇರಲಿಲ್ಲ. ಆದರೂ ಬಾಯಿ ತೆರೆದ ಕೂಡಲೇ ಬಂತು. ಎಷ್ಟೋ ವರ್ಷದಿಂದ ದಿನಾ ಕರೆದ ಹೆಸರಿನಂತೆ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನೀರು ಬಿಟ್ಟರು. ಎರಡು ಮಣೆಯ ಮೇಲಿನ ಬಟ್ಟೆಯ ತುದಿಗಳನ್ನು ಗಂಟು ಹಾಕಿದರು. ಎಲೆ ಬಡಿಸಿದರು. ಎಲ್ಲ ಮುಗಿದು ನಾನು ಹೊರಟಾಗ ಹುಡುಗನ ತಾಯಿ ತೋಡು ದಾಟುವ ಸಂಕದವರೆಗೆ ಬಂದಳು. ಆ ದಿನವಿಡೀ ನನ್ನೊಡನೆ ಮಾತಾಡಿರಲಿಲ್ಲ.

"ಇನ್ನು ಅವಳು ಕೋರೆಯಲ್ಲಿ ನಿಲ್ಲುವುದಿಲ್ಲ, ನಮ್ಮ ಮನೆಯವಳು. ನೀವು ಎಣಿಸುವುದು ಬೇಡ. ಮಗು ಇಲ್ಲದ ಮನೆಗೆ ಹೋಗಿ ಬಾಗಿಲು ತೆಗೆಯುವುದು ಹೇಗೆ ಅಂತ ನಿಮಗೂ ಗೊತ್ತಾಗಲಿ," ಎಂದಳು. ಗಟ್ಟಿಯಾಗಿ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಸಂಕ ಜಾರುತ್ತದೆ, ನೋಡಿಕೊಂಡು ಹೋಗಿ ಎಂದು ತಿರುಗಿ ನಡೆದಳು.

ವೇಣೂರಿನಲ್ಲಿ ಮೂಡಬಿದಿರೆಯ ಬಸ್ಸು ಹತ್ತಿದೆ. ಹತ್ತಿ ಕುಳಿತ ಮೇಲೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಬಸ್ಸಿನ ಜನವೆಲ್ಲ ತಿರುಗಿ ನೋಡುವಷ್ಟು ಅತ್ತೆ, ಅಷ್ಟು ಜನರ ಎದುರು ನಾನು ಹಿಂದೆಂದೂ ಅತ್ತವಳಲ್ಲ. ಪಕ್ಕದಲ್ಲಿ ಕುಳಿತಿದ್ದ ಮುದುಕಿ ಯಾರು ಹೋದದ್ದು ಮಗಾ ಎಂದು ಕೇಳಿದಳು.

ಮಗಳು ಎಂದೆ.

ಅವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಇಳಿಯುವವರೆಗೂ ಬಿಡಲಿಲ್ಲ.